ಹೈ ನೂನ್: ಸಜ್ಜನರ ಊರಿನಲ್ಲಿ ಒಂಟಿಯಾದ ಮಾರ್ಷಲ್

ಫ್ರೆಡ್ ಜಿನ್ನೆಮನ್ ನಿರ್ದೇಶಿಸಿದ, 1952ರಲ್ಲಿ ತೆರೆಕಂಡ 'ಹೈ ನೂನ್' ವೆಸ್ಟರ್ನ್ ಪ್ರಕಾರಕ್ಕೆ, ಅಂದರೆ ಅಮೆರಿಕದ ಪಶ್ಚಿಮ ಗಡಿನಾಡಿನ ಕಥೆ ಹೇಳುವ ಸಿನಿಮಾಗಳ ಗುಂಪಿಗೆ ಸೇರಿದ್ದರೂ, ಗುಂಡಿನ ಕಾಳಗವನ್ನು ಕೊನೆಯ ಕೆಲವು ನಿಮಿಷಗಳಿಗೆ ಮೀಸಲಿಟ್ಟು ಉಳಿದ ಅವಧಿಯನ್ನು ಬಹುಮಟ್ಟಿಗೆ ಮಾತುಕತೆಗೇ ಬಿಟ್ಟುಕೊಟ್ಟಿದೆ. ಹ್ಯಾಡ್ಲಿವಿಲ್ ಎಂಬ ಊರಿನ ಮಾರ್ಷಲ್, ಎಂದರೆ ಶಾಂತಿಪಾಲನೆಯ ಅಧಿಕಾರಿಯಾದ ವಿಲ್ ಕೇನ್, ಮದುವೆಯಾದ ದಿನವೇ ಹುದ್ದೆ ತೊರೆದು ಹೊರಟಿರುವಾಗ, ಹಿಂದೆ ತಾನೇ ಸೆರೆಗೆ ಕಳುಹಿಸಿದ್ದ ಫ್ರಾಂಕ್ ಮಿಲ್ಲರ್ ಕ್ಷಮಾದಾನ ಪಡೆದು ಮಧ್ಯಾಹ್ನದ ರೈಲಿಗೆ ಬರುತ್ತಿರುವ ಸುದ್ದಿ ಅವನಿಗೆ ಮುಟ್ಟುತ್ತದೆ.

ಚಿತ್ರದ ರಾಜಕೀಯವೆಲ್ಲ ಅಡಗಿರುವುದು ಖಳನಲ್ಲಲ್ಲ, ಊರಿನ ಸಜ್ಜನರ ವಾದಗಳಲ್ಲಿ. ಮಿಲ್ಲರ್‌ಗೆ ಶಿಕ್ಷೆ ವಿಧಿಸಿದ್ದ ನ್ಯಾಯಾಧೀಶನೇ ಗೋಡೆಯ ಬಾವುಟವನ್ನು ಮಡಚಿ, ನ್ಯಾಯದ ತಕ್ಕಡಿಯನ್ನು ಗಂಟುಕಟ್ಟಿ ಊರು ಬಿಡುತ್ತಾನೆ. ಹೋಟೆಲಿನ ಗುಮಾಸ್ತನಿಗೆ ಮಿಲ್ಲರ್ ಇದ್ದ ಕಾಲದ ವ್ಯಾಪಾರವೇ ಚೆನ್ನಾಗಿತ್ತೆನಿಸುತ್ತದೆ. ಚರ್ಚಿನ ದೃಶ್ಯವಂತೂ ಇನ್ನೂ ತೀಕ್ಷ್ಣವಾದದ್ದು: ಅಲ್ಲಿ ಪರ-ವಿರೋಧದ ಮಾತಿಗೆ ಕ್ರಮಬದ್ಧವಾಗಿಯೇ ಅವಕಾಶ ದೊರೆಯುತ್ತದೆ, ಕೇನ್‌ನನ್ನು ಮನಸಾರೆ ಹೊಗಳಲಾಗುತ್ತದೆ, ಆದರೆ ಬೀದಿಯಲ್ಲಿ ರಕ್ತ ಹರಿದರೆ ಬಂಡವಾಳ ಹೂಡಲು ಬಯಸುವವರು ಹಿಂದೆಗೆಯುತ್ತಾರೆಂಬ ಕಾರಣ ಮುಂದಿಟ್ಟು ಅವನನ್ನೇ ಊರು ಬಿಡುವಂತೆ ಕೇಳಿಕೊಳ್ಳಲಾಗುತ್ತದೆ.

ಚಿತ್ರಕಥೆ ಬರೆದ ಕಾರ್ಲ್ ಫೋರ್ಮನ್‌ಗೆ ಇದು ಕೇವಲ ಕಲ್ಪನೆಯಾಗಿರಲಿಲ್ಲ. ಚಿತ್ರ ತಯಾರಾಗುತ್ತಿದ್ದ 1951ರಲ್ಲಿ, ಕಮ್ಯುನಿಸ್ಟರ ಪತ್ತೆಗೆ ತೊಡಗಿದ್ದ ಅಮೆರಿಕದ ಸಂಸದೀಯ ಸಮಿತಿಯೊಂದು ಅವರನ್ನು ವಿಚಾರಣೆಗೆ ಕರೆಸಿತು. ಹಿಂದೊಮ್ಮೆ ಪಕ್ಷದ ಸದಸ್ಯರಾಗಿದ್ದ ಅವರು ಸಂಗಡಿಗರ ಹೆಸರು ಹೇಳಲು ಒಪ್ಪದೆ, ಸ್ಟುಡಿಯೋಗಳು ಕೆಲಸ ಕೊಡದ 'ಕಪ್ಪುಪಟ್ಟಿ'ಗೆ ಸೇರಿ ಇಂಗ್ಲೆಂಡಿಗೆ ತೆರಳಿದರು. ಕೇನ್ ಪಾತ್ರದ ಗ್ಯಾರಿ ಕೂಪರ್ ಸ್ವತಃ ಸಂಪ್ರದಾಯವಾದಿ ರಾಜಕೀಯದವರಾಗಿದ್ದು, 1947ರಲ್ಲಿ ಅದೇ ಸಮಿತಿಯ ಮುಂದೆ ಸ್ವಇಚ್ಛೆಯಿಂದ ಸಾಕ್ಷ್ಯ ನುಡಿದಿದ್ದರೂ ಫೋರ್ಮನ್‌ರ ಬೆಂಬಲಕ್ಕೆ ನಿಂತರೆಂಬುದು ಇಲ್ಲಿ ಗಮನಾರ್ಹ.

ಆದರೂ ಇದನ್ನು ಕಪ್ಪುಪಟ್ಟಿಯ ರೂಪಕವೆಂದಷ್ಟೇ ಓದಿದರೆ ಚಿತ್ರ ಬಡವಾಗುತ್ತದೆ. ಹಿಂಸೆಯನ್ನು ಒಪ್ಪದ ಕ್ವೇಕರ್ ಪಂಥದ ವಧು ಏಮಿ ಕೊನೆಗೆ ಬಂದೂಕು ಎತ್ತುವುದೂ, ಮೆಕ್ಸಿಕನ್ ಮೂಲದ ವ್ಯಾಪಾರಿ ಹೆಲೆನ್ ರಾಮಿರೆಜ್ ಊರಿನ ಬೂಟಾಟಿಕೆಯನ್ನು ಎಲ್ಲರಿಗಿಂತ ಮೊದಲೇ ಅರಿತು ಅಂಗಡಿ ಮಾರಿ ಹೊರಡುವುದೂ ಆ ಚೌಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ.

ಕೂಪರ್ ಪರವಾಗಿ ಆಸ್ಕರ್ ಸ್ವೀಕರಿಸಿದ್ದ ನಟ ಜಾನ್ ವೇಯ್ನ್ ಮುಂದೆ ಈ ಚಿತ್ರವನ್ನು ದೇಶವಿರೋಧಿಯೆಂದು ಜರೆದರು, ಇದಕ್ಕೆ ಉತ್ತರವೆಂಬಂತೆ 1959ರ 'ರಿಯೋ ಬ್ರಾವೋ'ದಲ್ಲಿ ನಟಿಸಿದರು. ಆದರೆ 1989ರಲ್ಲಿ ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಚುನಾವಣೆಗೆ ನಿಂತ ಸಾಲಿಡಾರಿಟಿ ಸಂಘಟನೆ ತನ್ನ ಭಿತ್ತಿಪತ್ರಕ್ಕೆ ಆರಿಸಿಕೊಂಡದ್ದು, ಪಿಸ್ತೂಲಿನ ಬದಲು ಮತಪತ್ರ ಹಿಡಿದ ಇದೇ ಮಾರ್ಷಲ್ ಕೇನ್‌ನನ್ನು.