ಬೋರ್ನಿಯೋ ಕಾಡಿನ ಒಂದು ಗ್ರಾಮ: ಅಲ್ಲಿನ ಜೀವನ, ಜಮೀನು ಮತ್ತು ಸ್ವತ್ತಿನ ಕ್ರಮ

ಜಮೀನಿನ ಒಡೆತನವೆಂದೊಡನೆ ನಮ್ಮ ರೈತರ ಮನಸ್ಸಿಗೆ ಸರ್ವೆ ನಂಬರು, ಬಾಂದುಕಲ್ಲು, ಪಹಣಿ, ಖಾತೆ ಇವುಗಳೇ ತೋರುವುವು. ಇಂತಹ ಕಾಗದಪತ್ರಗಳಿಲ್ಲದೆಯೇ ಈ ನೆಲ ಇಂಥವರದು, ಈ ಮರ ಇಂಥವರದು ಎಂಬುದನ್ನು ಹಲವು ತಲೆಮಾರುಗಳಿಂದ ನಿರ್ಣಯಿಸಿಕೊಂಡು ಬಂದಿರುವ ಗ್ರಾಮಗಳು ಇಂಡೋನೇಷ್ಯಾ ದೇಶದ ಕಾಡುಗಳಲ್ಲಿ ಇರುತ್ತವೆ. ಅಂತಹ ಒಂದು ಗ್ರಾಮದ ಕ್ರಮವೇನು, ಆ ಕ್ರಮಕ್ಕೂ ಸರ್ಕಾರದ ಕಾನೂನಿಗೂ ಎಲ್ಲಿ ವಿರೋಧ ಬಂದಿತು, ಗ್ರಾಮಸ್ಥರು ತಮ್ಮ ಕಾಡನ್ನು ಹೇಗೆ ಉಳಿಸಿಕೊಂಡರು ಎಂಬುದನ್ನು ಗ್ರಾಮದ ಮುಖಂಡರ ಮತ್ತು ಭೂಮಾಲೀಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

1. ಪ್ರದೇಶದ ಸ್ವರೂಪ

ಬೋರ್ನಿಯೋ ವಿಸ್ತೀರ್ಣದಲ್ಲಿ ಪ್ರಪಂಚದ ಮೂರನೆಯ ದೊಡ್ಡ ದ್ವೀಪ. ಇದರ ಉತ್ತರ ಭಾಗವು ಮಲೇಷ್ಯಾ ಮತ್ತು ಬ್ರೂನೈ ದೇಶಗಳಿಗೂ ಉಳಿದ ದೊಡ್ಡ ಭಾಗವು ಕಾಲಿಮಂಟಾನ್ ಎಂಬ ಹೆಸರಿನಿಂದ ಇಂಡೋನೇಷ್ಯಾಕ್ಕೂ ಸೇರಿರುತ್ತವೆ. ಪಶ್ಚಿಮ ಕಾಲಿಮಂಟಾನ್ ಪ್ರಾಂತದಲ್ಲಿ ಕಾಪುವಾಸ್ ಎಂಬ ಮಹಾನದಿಯು ಹುಟ್ಟುವ ಸೀಮೆಗೆ ಕಾಪುವಾಸ್ ಹುಲು ಜಿಲ್ಲೆಯೆಂದು ಹೆಸರು. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವುದು. ಕಾಡು ದಟ್ಟವಾಗಿದ್ದರೂ ನೆಲವು ಸಾರವತ್ತಾದುದಲ್ಲ. ಮಣ್ಣು ಹುಳಿಯಾದುದು, ಮಳೆಯ ನೀರು ಸಾರವನ್ನು ತೊಳೆದುಕೊಂಡು ಹೋಗುವುದರಿಂದ ಪೋಷಕಾಂಶಗಳು ಬಹುಮಟ್ಟಿಗೆ ಮರಗಿಡಗಳಲ್ಲಿಯೇ ಇರುವುವು. ಈ ಒಂದು ವಿಷಯವನ್ನು ನೆನಪಿನಲ್ಲಿಟ್ಟರೆ ಅಲ್ಲಿನ ಸಾಗುವಳಿಯ ಕ್ರಮವೂ ಸ್ವತ್ತಿನ ಕ್ರಮವೂ ಸುಲಭವಾಗಿ ಅರ್ಥವಾಗುವುವು.

ಈ ಜಿಲ್ಲೆಯಲ್ಲಿ, ಮಲೇಷ್ಯಾದ ಗಡಿಗೆ ಹೆಚ್ಚು ದೂರವಿಲ್ಲದ ಕಡೆ, ಸುಂಗೈ ಉಟಿಕ್ ಎಂಬ ಗ್ರಾಮವಿದೆ. ಸುಂಗೈ ಎಂದರೆ ಹೊಳೆ. ಉಟಿಕ್ ಹೊಳೆಯ ದಡದ ಊರೆಂದು ಅರ್ಥ. ಇಲ್ಲಿನ ಜನರು ದಯಾಕ್ ಜನಾಂಗಗಳಲ್ಲಿ ಒಂದಾದ ಇಬಾನ್ ಪಂಗಡದವರು.

2. ಉದ್ದಮನೆ

ಇಬಾನರ ಊರೆಂದರೆ ಬೀದಿಗಳಿರುವ ಊರಲ್ಲ. ಕಂಬಗಳ ಮೇಲೆ ಎತ್ತರವಾಗಿ ಕಟ್ಟಿದ ಒಂದೇ ಉದ್ದವಾದ ಮನೆಯೇ ಊರು. ಸುಂಗೈ ಉಟಿಕ್‌ನ ಮನೆಯು ಸುಮಾರು 200 ಮೀಟರು ಉದ್ದವಾಗಿದೆ. ಮನೆಯ ಒಂದು ಪಕ್ಕದಲ್ಲಿ ಸಾಲಾಗಿ ಕುಟುಂಬಗಳ ವಾಸದ ಅಂಕಣಗಳು; ಒಂದೊಂದು ಅಂಕಣಕ್ಕೂ ಬಿಲಿಕ್ ಎಂದು ಹೆಸರು. ಇನ್ನೊಂದು ಪಕ್ಕದಲ್ಲಿ ಈ ತುದಿಯಿಂದ ಆ ತುದಿಯವರೆಗೆ ತಡೆಯಿಲ್ಲದ ಜಗಲಿ. ಇದಕ್ಕೆ ರುಅಯ್ ಎನ್ನುವರು. ಬುಟ್ಟಿ ಹೆಣೆಯುವುದು, ಅತಿಥಿಗಳನ್ನು ಕೂರಿಸುವುದು, ವ್ಯಾಜ್ಯ ತೀರ್ಮಾನಿಸುವುದು ಎಲ್ಲವೂ ಈ ಜಗಲಿಯಲ್ಲಿಯೇ. ಅದರ ಮುಂದೆ ಬತ್ತ ಒಣಗಿಸುವ ತೆರೆದ ಅಟ್ಟಣೆ, ಮೇಲೆ ಬತ್ತ ಕೂಡಿಡುವ ಅಟ್ಟ.

ಹೊರಗಿನಿಂದ ನೋಡಿದವರು ಎಲ್ಲರ ಸ್ವತ್ತೂ ಒಟ್ಟಾಗಿದೆಯೆಂದು ತಿಳಿಯುವುದುಂಟು. ಇದು ತಪ್ಪು. ಒಂದೊಂದು ಬಿಲಿಕನ್ನೂ ಆಯಾ ಕುಟುಂಬದವರೇ ತಮ್ಮ ಮರಮುಟ್ಟಿನಿಂದ ಕಟ್ಟಿಕೊಳ್ಳುವರು. ಜಗಲಿಯಲ್ಲಿಯೂ ತಮ್ಮ ಅಂಕಣದ ಮುಂದಿನ ಭಾಗವನ್ನು ಕಟ್ಟಿ ದುರಸ್ತಿಯಲ್ಲಿಡುವ ಹೊಣೆ ಆ ಕುಟುಂಬದ್ದು. ನಡೆದಾಡುವ ಹಕ್ಕು ಮಾತ್ರ ಎಲ್ಲರದು. ಬತ್ತ, ಬೀಜ, ಹಿರಿಯರಿಂದ ಬಂದ ಜಾಡಿಗಳು ಮತ್ತು ಕಂಚಿನ ಜಾಗಟೆಗಳು ಬಿಲಿಕಿನ ಸ್ವತ್ತು. ಊರಿನ ಮುಖ್ಯಸ್ಥನಿಗೆ ತುವಾಯ್ ರೂಮಾ ಎಂದು ಹೆಸರು. ಅವನು ಜಮೀನಿನ ಒಡೆಯನಲ್ಲ. ಪದ್ಧತಿಯನ್ನು ಬಲ್ಲವನು, ಎಲ್ಲೆಗಳನ್ನು ನೆನಪಿಟ್ಟವನು, ಇತ್ತಂಡದವರನ್ನೂ ಕೂರಿಸಿ ನ್ಯಾಯ ಹೇಳುವವನು.

3. ಸಾಗುವಳಿಯ ಕ್ರಮ

ಇಲ್ಲಿನ ಮುಖ್ಯ ಪೈರು ಮಳೆಯಾಶ್ರಯದ ಗುಡ್ಡದ ಬತ್ತ. ಸಾಗುವಳಿಯು ನಮ್ಮ ಮಲೆನಾಡಿನವರು ಕುಮರಿ ಎಂದು ಕರೆಯುವ ಬಗೆಯದು. ಮಳೆ ಕಡಮೆಯಾಗುವ ಜೂನ್, ಜುಲೈ ತಿಂಗಳುಗಳಲ್ಲಿ ಪೊದೆಗಳನ್ನು ಸವರಿ, ಮರಗಳನ್ನು ಕಡಿದು, ಒಣಗಿಸಿ, ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಸುಡುವರು. ಬೂದಿಯೇ ಗೊಬ್ಬರ, ಅದರಿಂದ ಮಣ್ಣಿನ ಹುಳಿಯೂ ತಗ್ಗುವುದು. ಗಂಡಸರು ಚೂಪಾದ ಕೋಲಿನಿಂದ ಕುಳಿ ಮಾಡುತ್ತ ಮುಂದೆ ನಡೆದರೆ ಹೆಂಗಸರು ಹಿಂದೆ ಬೀಜವನ್ನು ಹಾಕುತ್ತ ಬರುವರು. ಬತ್ತದ ನಡುವೆ ಸೌತೆ, ಕುಂಬಳ, ಮುಸುಕಿನ ಜೋಳ, ಸೊಪ್ಪುಗಳನ್ನೂ ಬೆಳೆಯುವರು. ಫೆಬ್ರವರಿಯಿಂದ ಏಪ್ರಿಲಿನೊಳಗೆ ಕೊಯ್ಲು. ದೊಡ್ಡ ಕೆಲಸಗಳಿಗೆ ನಮ್ಮಲ್ಲಿಯ ಮುಯ್ಯಾಳಿನಂತೆ ಕುಟುಂಬಗಳು ಪರಸ್ಪರ ಆಳು ಕೊಟ್ಟುಕೊಳ್ಳುವುವು. ಆದರೆ ಫಸಲು ಆಯಾ ಹೊಲದ ಕುಟುಂಬಕ್ಕೇ ಸೇರತಕ್ಕದ್ದು.

ಒಂದೆರಡು ಫಸಲಾದ ಮೇಲೆ ಸಾರ ತಗ್ಗಿ ಕಳೆ ಹೆಚ್ಚುವುದರಿಂದ ಆ ನೆಲವನ್ನು ಬಿಟ್ಟು ಬೇರೆ ಕಡೆಗೆ ಹೋಗುವರು. ಬಿಟ್ಟ ನೆಲದಲ್ಲಿ ಪುನಃ ಕಾಡು ಬೆಳೆಯುವುದು. ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬಿಟ್ಟಷ್ಟೂ ನೆಲಕ್ಕೆ ಒಳ್ಳೆಯದು. ತರುವಾಯ ಅಲ್ಲಿಯೇ ಪುನಃ ಸಾಗುವಳಿ ಮಾಡಬಹುದು. ಆದುದರಿಂದ ಪ್ರತಿ ಕುಟುಂಬಕ್ಕೂ ಈ ವರ್ಷ ಬಿತ್ತಿದ ಹೊಲ ಒಂದಾದರೆ ಕಾಡಾಗಿ ಬೆಳೆಯುತ್ತಿರುವ ಹೊಲಗಳು ಹತ್ತು ಇರುವುವು. ಇವಕ್ಕೆ ತೆಮುಡಾ ಎಂದು ಹೆಸರು. ಬಲ್ಲವರ ಕಣ್ಣಿಗೆ ಇದು ವಿಶ್ರಾಂತಿಯಲ್ಲಿರುವ ಜಮೀನು. ಅರಿಯದವರ ಕಣ್ಣಿಗೆ ಯಾರದೂ ಅಲ್ಲದ ಪೊದೆಗಾಡು. ಮುಂದೆ ಬಂದ ತೊಡಕಿಗೆಲ್ಲ ಇದೇ ಮೂಲ.

4. ನೆಲದ ಹಕ್ಕು

ಇಬಾನರಲ್ಲಿ ನೆಲದ ಹಕ್ಕು ದುಡಿಮೆಯಿಂದ ಹುಟ್ಟುವುದು. ಹಳೆಯ ಕಾಡನ್ನು ಮೊದಲು ಕಡಿದು ಹೊಲ ಮಾಡಿದ ಬಿಲಿಕಿಗೆ ಆ ನೆಲದಲ್ಲಿ ಮುಂದೆಯೂ ಸಾಗುವಳಿಯ ಹಕ್ಕು ನಿಲ್ಲುವುದು. ಗಡಿಯ ಆಚೆ ಸರವಾಕಿನ ಇಬಾನರ ನಡುವೆ 1949ರಿಂದ 1951ರವರೆಗೆ ಇದ್ದು ಅಧ್ಯಯನ ಮಾಡಿದ ಡೆರೆಕ್ ಫ್ರೀಮನ್ ಎಂಬ ವಿದ್ವಾಂಸರು ಈ ನಿಯಮವನ್ನು 1955ರ ತಮ್ಮ ವರದಿಯಲ್ಲಿ ವಿವರವಾಗಿ ದಾಖಲು ಮಾಡಿರುತ್ತಾರೆ. ಹೊಳೆ, ದಿಣ್ಣೆಯ ಏಣು, ದೊಡ್ಡ ಮರ, ಬಂಡೆ ಇವೇ ಎಲ್ಲೆಯ ಗುರುತುಗಳು.

ಈ ಹಕ್ಕು ಒಬ್ಬ ಮನುಷ್ಯನದಲ್ಲ, ಬಿಲಿಕಿನದು. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಇದರಲ್ಲಿ ಭೇದವಿಲ್ಲ. ಮದುವೆಯಾದ ಮೇಲೆ ಗಂಡನು ಹೆಂಡತಿಯ ಬಿಲಿಕಿಗೆ ಹೋಗಬಹುದು, ಹೆಂಡತಿಯು ಗಂಡನ ಬಿಲಿಕಿಗೆ ಬರಬಹುದು. ಯಾರು ಹುಟ್ಟಿದ ಬಿಲಿಕಿನಲ್ಲಿಯೇ ಉಳಿದು ಮುಪ್ಪಿನವರನ್ನು ನೋಡಿಕೊಳ್ಳುವರೋ ಅವರಿಗೆ ಆ ಬಿಲಿಕಿನ ನೆಲ. ಹೊರಗೆ ಹೋದವರಿಗೆ ತಾವು ಸೇರಿದ ಬಿಲಿಕಿನ ನೆಲ. ಹೀಗಿರುವುದರಿಂದ ತಲೆಮಾರಿಗೊಮ್ಮೆ ಹೊಲವು ತುಂಡುತುಂಡಾಗುವ ಕಷ್ಟವು ಬಹುಮಟ್ಟಿಗೆ ತಪ್ಪಿದೆ.

5. ಮರದ ಹಕ್ಕು

ನೆಲದ ಹಕ್ಕು ಬೇರೆ, ಮರದ ಹಕ್ಕು ಬೇರೆ. ಮರವು ನೆಟ್ಟವನದು, ಅವನ ತರುವಾಯ ಅವನ ಸಂತತಿಯವರದು. ಉದ್ದಮನೆಯು ಹಿಂದೆ ಇದ್ದು ಬಿಟ್ಟುಹೋದ ನಿವೇಶನಗಳಲ್ಲಿ ಹಿರಿಯರು ನೆಟ್ಟ ಹಣ್ಣಿನ ಮರಗಳು ಬೆಳೆದು ತೋಪಾಗಿರುತ್ತವೆ. ಇವಕ್ಕೆ ತೆಂಬವಾಯ್ ಎಂದು ಹೆಸರು. ಇಂತಹ ತೋಪಿನಲ್ಲಿ ಮೂಲದವರ ವಂಶಸ್ಥರೆಲ್ಲರಿಗೂ ಭಾಗವುಂಟು. ದುರಿಯನ್ ಎಂಬ, ಹಲಸಿನಂತೆ ಮುಳ್ಳುಮುಳ್ಳಾದ ಹಣ್ಣು ಮಾಗಿದಾಗ ತಾನಾಗಿಯೇ ಕೆಳಗೆ ಬೀಳುವುದು. ಹಂಗಾಮಿನಲ್ಲಿ ಹಕ್ಕುಳ್ಳವರು ಮರದಡಿ ಗುಡಿಸಲು ಹಾಕಿ ರಾತ್ರಿಯೆಲ್ಲ ಕಾದು ಹಣ್ಣನ್ನು ಆಯ್ದುಕೊಳ್ಳುವರು. ತೆಂಗ್ಕವಾಂಗ್ ಎಂಬ ಮರದ ಬೀಜದಿಂದ ಬೆಣ್ಣೆಯಂತಹ ಕೊಬ್ಬು ದೊರೆಯುವುದು. ಈ ಮರವು ಪ್ರತಿವರ್ಷವೂ ಫಲಿಸದೆ ಕೆಲವು ವರ್ಷಗಳಿಗೊಮ್ಮೆ ಹೇರಳವಾಗಿ ಫಲಿಸುವುದು. ಆ ವರ್ಷ ಊರಿಗೆ ಕೈತುಂಬ ಹಣ. ಹೆಜ್ಜೇನು ಕಟ್ಟುವ ತಾಪಾಂಗ್ ಮರಕ್ಕೆ ಒಡೆಯನಿರುವನು. ಅದನ್ನು ಕಡಿದವನು ದಂಡ ತೆರಬೇಕು.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ರಬ್ಬರು ಬಂದಿತು. ಬತ್ತದ ಹೊಲವನ್ನು ಬಿಡುವಾಗ ಅಲ್ಲಿ ರಬ್ಬರು ಸಸಿ ನೆಟ್ಟರೆ ಕೆಲವು ವರ್ಷಗಳಲ್ಲಿ ಹಾಲು ಬರುವುದು. ಆದರೆ ಮರವು ನಿಂತಿರುವವರೆಗೆ ನೆಲವೂ ನೆಟ್ಟವನ ಕೈಯಲ್ಲಿಯೇ ನಿಂತುಬಿಡುವುದು. ಈ ಕಾರಣದಿಂದ ಇಂಡೋನೇಷ್ಯಾದ ಇಂತಹ ಅನೇಕ ಗ್ರಾಮಗಳಲ್ಲಿ ಒಂದು ನಿಯಮವುಂಟು: ನೆಲವನ್ನು ಕೇಳಿ ಪಡೆದವನು ಬತ್ತವನ್ನು ಬಿತ್ತಬಹುದು, ಬಹುಕಾಲ ಬಾಳುವ ಮರವನ್ನು ನೆಡಕೂಡದು.

6. ಗ್ರಾಮದ ಕಾಡು

ಕುಟುಂಬಗಳ ನೆಲದ ಆಚೆಗೆ ಇಡೀ ಊರಿಗೆ ಸೇರಿದ ಕಾಡು ಇರುವುದು. ಸುಂಗೈ ಉಟಿಕ್‌ನವರು ಇದನ್ನು ಮೂರು ಭಾಗ ಮಾಡಿರುತ್ತಾರೆ. ಮೊದಲನೆಯದು ಕಂಪೋಂಗ್ ತಾರೋ. ಇದು ನೀರಿನ ಮೂಲ, ಇಲ್ಲಿ ಕಡಿತಲೆಯೂ ಹೊಲವೂ ಕೂಡದು. ಎರಡನೆಯದು ಕಂಪೋಂಗ್ ಗಲಾವ್. ಇಲ್ಲಿ ಔಷಧಿಯ ಮೂಲಿಕೆ, ಸೌದೆ ಮುಂತಾದವನ್ನು ಮಿತಿಯಲ್ಲಿ ತರಬಹುದು. ಮೂರನೆಯದು ಕಂಪೋಂಗ್ ಎಂಡೋರ್ ಕೆರ್ಜಾ; ಮನೆಗೆ ಬೇಕಾದ ಮರವನ್ನು ಕಟ್ಟಳೆಗೆ ಒಳಪಟ್ಟು ಇಲ್ಲಿಂದ ಕಡಿಯಬಹುದು. ಮೀರಿದವರಿಗೆ ಜಗಲಿಯ ನ್ಯಾಯದಲ್ಲಿ ದಂಡ ಗೊತ್ತುಮಾಡುವರು.

7. ಸರ್ಕಾರದ ಕಾನೂನು

ಡಚ್ಚರ ಸರ್ಕಾರವು 1870ರಲ್ಲಿ, ಒಡೆತನವನ್ನು ರುಜುವಾತು ಮಾಡಲಾಗದ ನೆಲವೆಲ್ಲ ಸರ್ಕಾರದ್ದೆಂದು ಸಾರಿತು. ಈ ಕಟ್ಟಳೆಯು ಮೊದಲು ಜಾವಾದಲ್ಲಿ, ತರುವಾಯ ಇತರ ದ್ವೀಪಗಳಲ್ಲಿ ಜಾರಿಗೆ ಬಂದಿತು. ಸ್ವತಂತ್ರ ಇಂಡೋನೇಷ್ಯಾದ 1960ರ ಭೂ ಕಾನೂನು ಆ ಸಾರಿಕೆಯನ್ನು ರದ್ದುಮಾಡಿ, ರಾಷ್ಟ್ರದ ಹಿತಕ್ಕೆ ವಿರೋಧವಾಗದಷ್ಟು ಮಟ್ಟಿಗೆ ಗ್ರಾಮಸಮುದಾಯಗಳ ಪದ್ಧತಿಯ ಹಕ್ಕನ್ನು ಒಪ್ಪಿತು. ಆದರೆ 1967ರ ಅರಣ್ಯ ಕಾನೂನಿನ ತರುವಾಯ ಕಾಲಿಮಂಟಾನಿನ ವಿಶಾಲವಾದ ಕಾಡುಗಳು ಸರ್ಕಾರಿ ಅರಣ್ಯವೆಂದೆಣಿಸಲ್ಪಟ್ಟು ಮರದ ಕಂಪೆನಿಗಳಿಗೆ ಗುತ್ತಿಗೆಗೆ ಹೋದುವು. ಅವುಗಳ ಹಿಂದೆಯೇ ತಾಳೆಎಣ್ಣೆಯ ತೋಟಗಳು ಬಂದುವು. ನಕ್ಷೆಯಲ್ಲಿ ತೆಮುಡಾ ಎಂಬ ಹೆಸರಿರಲಿಲ್ಲ; ಅಲ್ಲಿ ಪೊದೆಗಾಡೆಂದೇ ಬರೆದಿತ್ತು. ಇನ್ನೊಂದು ಅಪಾಯವನ್ನು ಅನೇಕ ಗ್ರಾಮಗಳು ತಡವಾಗಿ ತಿಳಿದುವು. ಗ್ರಾಮಸ್ಥರು ತಮ್ಮ ನೆಲವನ್ನು ಬಿಟ್ಟುಕೊಟ್ಟು ಕಂಪೆನಿಗೆ ಸಾಗುವಳಿಯ ಗುತ್ತಿಗೆ ದೊರೆತರೆ, ವಾಯಿದೆ ಮುಗಿದಾಗ ನೆಲವು ಹಿಂದಕ್ಕೆ ಹೋಗತಕ್ಕದ್ದು ಸರ್ಕಾರಕ್ಕೆ, ಗ್ರಾಮಕ್ಕಲ್ಲ. ಬಾಡಿಗೆಗೆ ಕೊಟ್ಟೆವೆಂದು ನಂಬಿದವರು ನೆಲವನ್ನು ಕಳೆದುಕೊಂಡಿದ್ದರು.

ಸುಂಗೈ ಉಟಿಕ್‌ನವರು ಕಂಪೆನಿಗಳಿಗೆ ಒಪ್ಪಲಿಲ್ಲ. ಅವರ ಮುಖ್ಯಸ್ಥರನ್ನು ಜನರು ಅಪೈ ಜಂಗುಟ್, ಅಂದರೆ ಗಡ್ಡದ ತಂದೆ, ಎಂದು ಕರೆಯುವರು. ಅವರ ಮುಂದಾಳುತನದಲ್ಲಿ ಊರವರು ಕಾಡನ್ನು ಕಾದುಕೊಂಡರು. ಎಲ್ಲೆಗಳನ್ನು ನಕ್ಷೆಗೆ ಇಳಿಸಿದರು. 1999ರ ಅರಣ್ಯ ಕಾನೂನು, ಪದ್ಧತಿಯ ಅರಣ್ಯವೆಂದರೆ ಸಮುದಾಯದ ಸೀಮೆಯಲ್ಲಿರುವ ಸರ್ಕಾರಿ ಅರಣ್ಯವೆಂದು ಹೇಳಿತ್ತು. ಮೂಲನಿವಾಸಿ ಸಮುದಾಯಗಳ ಒಕ್ಕೂಟವೂ ಎರಡು ಸಮುದಾಯಗಳೂ ಇದರ ವಿರುದ್ಧ ಸಂವಿಧಾನ ನ್ಯಾಯಾಲಯಕ್ಕೆ ಮೊರೆಹೋದುವು. 2013ರ ಮೇ 16ರಂದು ನ್ಯಾಯಾಲಯವು ಆ ವಾಕ್ಯದಿಂದ "ಸರ್ಕಾರಿ" ಎಂಬ ಅರ್ಥದ ಒಂದೇ ಮಾತನ್ನು ತೆಗೆದುಹಾಕಿತು. 2016ರ ಡಿಸೆಂಬರಿನಲ್ಲಿ ಮೊದಲ ಒಂಬತ್ತು ಸಮುದಾಯಗಳಿಗೆ ಅರಣ್ಯದ ಹಕ್ಕುಪತ್ರ ದೊರೆಯಿತು. 2020ರಲ್ಲಿ ಸುಂಗೈ ಉಟಿಕ್‌ಗೆ 9,400 ಹೆಕ್ಟೇರಿಗಿಂತ ಹೆಚ್ಚು, ಎಂದರೆ ಸುಮಾರು 23,000 ಎಕರೆ ಕಾಡಿನ ಹಕ್ಕು ಲಭಿಸಿತು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಬಹುಮಾನವು ಈ ಊರಿಗೂ, 2023ರಲ್ಲಿ ಪೋರ್ಚುಗಲ್ಲಿನ ಗುಲ್ಬೆಂಕಿಯನ್ ಬಹುಮಾನದಲ್ಲಿ ಪಾಲು ಅದರ ಮುಖ್ಯಸ್ಥರಿಗೂ ಸಂದವು.

ಹೀಗೆಂದು ಎಲ್ಲ ತೊಡಕೂ ತೀರಿತೆಂದು ತಿಳಿಯಬಾರದು. ಮಾನ್ಯತೆಗೆ ಮೊದಲು ಜಿಲ್ಲೆಯ ಆಡಳಿತದ ಒಪ್ಪಿಗೆ ಬೇಕು, ಆಮೇಲೆ ಮಂತ್ರಾಲಯದ್ದು. ಇನ್ನೂ ಕಾದಿರುವ ಗ್ರಾಮಗಳು ಬಹಳ. ನಕ್ಷೆ ಬರೆಯತೊಡಗಿದಾಗ ನೆರೆಯ ಊರುಗಳ ಹಳೆಯ ಎಲ್ಲೆಯ ವ್ಯಾಜ್ಯಗಳು ಮೇಲೇಳುವುದೂ ಉಂಟು.

8. ಗಮನಿಸತಕ್ಕ ಅಂಶಗಳು

(1) ಬೀಳು ಕಂಡ ನೆಲವೆಲ್ಲ ಒಡೆಯನಿಲ್ಲದ ನೆಲವಲ್ಲ. ಅದು ಯಾರ ವಿಶ್ರಾಂತಿಯ ಹೊಲ, ಯಾರ ಸೌದೆ ಸೊಪ್ಪಿನ ನೆಲೆ ಎಂಬುದನ್ನು ಊರ ಹಿರಿಯರಿಂದ ವಿಚಾರಿಸದೆ ಖರಾಬೆಂದು ಬರೆಯಿಸತಕ್ಕದ್ದಲ್ಲ.

(2) ಒಂದೇ ನೆಲದಲ್ಲಿ ಉಳುವವನ ಹಕ್ಕು, ಮರದವನ ಹಕ್ಕು, ಊರಿನ ಹಕ್ಕು ಬೇರೆಬೇರೆಯಾಗಿರಬಹುದು. ದಾಖಲೆಯಲ್ಲಿ ಒಂದೇ ಹೆಸರು ಬರೆದರೆ ಉಳಿದವರ ಹಕ್ಕು ಸದ್ದಿಲ್ಲದೆ ಹೋಗುವುದು.

(3) ನೆನಪಿನಲ್ಲಿರುವ ಎಲ್ಲೆಯನ್ನು, ಹಿರಿಯರು ಇರುವಾಗಲೇ, ನೆರೆಯ ಊರಿನವರ ಸಮಕ್ಷಮದಲ್ಲಿ ನಡೆದು ನೋಡಿ ಬರೆದಿಡತಕ್ಕದ್ದು. ನಮ್ಮ ದೇಶದ 2006ರ ಅರಣ್ಯ ಹಕ್ಕು ಕಾಯಿದೆಯಂತೆ ಕಾಡಂಚಿನ ಗ್ರಾಮಗಳ ಹಕ್ಕುಗಳೂ ಗ್ರಾಮಸಭೆಯಿಂದಲೇ ಮೊದಲಾಗಬೇಕು.

(4) ಗುತ್ತಿಗೆಯ ಕಾಗದಕ್ಕೆ ರುಜು ಹಾಕುವ ಮೊದಲು, ವಾಯಿದೆ ಮುಗಿದ ದಿನ ನೆಲವು ಯಾರಿಗೆ ಹಿಂದಕ್ಕೆ ಬರುವುದೆಂಬುದನ್ನು ಓದಿಸಿ ತಿಳಿಯತಕ್ಕದ್ದು.

ಉಟಿಕ್ ಹೊಳೆಯ ಜನರ ನೆನಪು ಗಟ್ಟಿಯಾಗಿದ್ದಿತು. ಅದನ್ನು ಅವರು ಸಕಾಲದಲ್ಲಿ ಕಾಗದಕ್ಕೂ ಇಳಿಸಿದರು. ಆದುದರಿಂದಲೇ ಅವರ ಕಾಡು ಅವರ ಕೈಯಲ್ಲಿ ಉಳಿದಿದೆ.