ಪಟ್ಟಣದ ಚರಂಡಿ ನೀರು ಕೊಳವೆಬಾವಿಗೆ ಸೇರದಿರಲಿ

ಮಳೆನೀರನ್ನು ಭೂಮಿಗೆ ಇಂಗಿಸುವುದು ಒಳ್ಳೆಯ ಕೆಲಸವೆಂಬುದರಲ್ಲಿ ಎರಡು ಮಾತಿಲ್ಲ. ಬೆಂಗಳೂರು ನಗರದಲ್ಲಿ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹಣೆಯನ್ನು 2009ರ ಕಾಯಿದೆ ತಿದ್ದುಪಡಿಯ ಮೂಲಕ ಕಡ್ಡಾಯ ಮಾಡಲಾಯಿತು. ಆದರೆ ಯಾವ ನೀರನ್ನು, ಎಲ್ಲಿ, ಹೇಗೆ ಇಂಗಿಸಬೇಕೆಂಬುದನ್ನು ಗಮನಿಸದಿದ್ದರೆ, ಬಾವಿಯನ್ನು ಉಳಿಸಲು ತೋಡಿದ ಗುಂಡಿಯೇ ಬಾವಿಯನ್ನು ಕೆಡಿಸಬಹುದು. ಪಟ್ಟಣದ ಅಂಚಿನಲ್ಲಿ ಜಮೀನುಳ್ಳ ರೈತರು ಇದನ್ನು ಮುಖ್ಯವಾಗಿ ತಿಳಿದಿರಬೇಕು.

ಬೀದಿಯ ನೀರಿನಲ್ಲಿ ಏನಿರುತ್ತದೆ?

ಒಂದು ಎಕರೆ ನೆಲದ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರಾಗುತ್ತದೆ. ಡಾಂಬರು, ಕಾಂಕ್ರೀಟು ಹಾಸಿದ ಕಡೆ ಇದರ ಬಹುಪಾಲು ಹರಿದುಹೋಗುತ್ತದೆ. ಹರಿಯುವಾಗ ವಾಹನಗಳ ಎಣ್ಣೆ, ಟೈರಿನ ಪುಡಿ, ಸತು, ತಾಮ್ರ, ಸೀಸ, ಸಗಣಿ, ಗಂಜಲ ಮುಂತಾದುವನ್ನು ತೊಳೆದು ತರುತ್ತದೆ. ಒಳಚರಂಡಿ ಉಕ್ಕಿದರೆ ಮಲಮೂತ್ರವೂ ಸೇರುತ್ತದೆ. ಬೇಸಿಗೆಯಲ್ಲಿ ಶೇಖರವಾದ ಕೊಳೆಯನ್ನು ಹೊತ್ತು ತರುವ ಮೊದಲ ಮಳೆಗಳ ನೀರು ಹೆಚ್ಚು ಅಪಾಯಕಾರಿ.

ಮಣ್ಣು ಏನನ್ನು ತಡೆಯುತ್ತದೆ?

ಲೋಹಗಳು ಜೇಡಿಕಣ ಮತ್ತು ಸಾವಯವ ಪದಾರ್ಥಕ್ಕೆ ಅಂಟಿಕೊಂಡು ಬಹುಮಟ್ಟಿಗೆ ಮೇಲ್ಮಣ್ಣಿನಲ್ಲೇ ಉಳಿಯುತ್ತವೆ. ನೀರು ನಿಧಾನವಾಗಿ ಇಳಿದರೆ ರೋಗಾಣುಗಳಲ್ಲಿಯೂ ಬಹಳಷ್ಟು ಸಾಯುತ್ತವೆ. ಆದರೆ ನೈಟ್ರೇಟ್ ಮಣ್ಣಿಗೆ ಅಂಟದೆ ನೀರಿನೊಡನೆಯೇ ಕೆಳಗಿಳಿಯುತ್ತದೆ. ಯೂರಿಯಾ ಹಾಕಿದ ಹೊಲದಲ್ಲಿ ಜೋರು ಮಳೆಗೆ ಸಾರಜನಕ ಬಸಿದುಹೋಗುವುದೂ ಹೀಗೆಯೇ.

ಬೆಂಗಳೂರು, ಕೋಲಾರದ ಸುತ್ತಿನ ನೆಲದಡಿಯಲ್ಲಿ ಗ್ರಾನೈಟ್ ಮತ್ತು ನೈಸ್ ಶಿಲೆಗಳಿವೆ. ಗಟ್ಟಿ ಬಂಡೆಯಲ್ಲಿ ನೀರು ಬಿರುಕುಗಳ ಮೂಲಕವೇ ಚಲಿಸುತ್ತದೆ. ಬಿರುಕಿಗೆ ಇಳಿದ ನೀರನ್ನು ಸೋಸಲು ಅಲ್ಲಿ ಮಣ್ಣಿಲ್ಲ. ಕೊಳವೆಬಾವಿಯ ಸುತ್ತ ಗುಂಡಿ ತೋಡಿ, ಕೇಸಿಂಗ್ ಪೈಪಿಗೆ ರಂಧ್ರ ಕೊರೆದು, ಕಲ್ಲು, ಜಲ್ಲಿ, ಮರಳು ತುಂಬಿಸುವ ಮರುಪೂರಣ ಕ್ರಮದಲ್ಲಿ ಮರಳು ಹೂಳನ್ನು ತಡೆಯುತ್ತದೆಯೇ ಹೊರತು ನೀರಿನಲ್ಲಿ ಕರಗಿದ ವಿಷವನ್ನಲ್ಲ. ಇಂತಹ ಗುಂಡಿಗೆ ಚರಂಡಿಯ ನೀರನ್ನು ತಿರುಗಿಸಿದರೆ ಅದು ನೇರವಾಗಿ ಅಂತರ್ಜಲ ಸೇರುತ್ತದೆ. ಅದೇ ಬಿರುಕಿನಿಂದ ನೀರೆತ್ತುವ ನೆರೆಯವರ ಬಾವಿಯೂ ಕೆಡಬಹುದು.

ಬೆಳೆಗೆ ನೈಟ್ರೇಟ್ ಆಹಾರವೇ ಸರಿ. ಆದರೆ ತೋಟದ ಮನೆಯವರು ಕುಡಿಯುವುದೂ ಅದೇ ಬಾವಿಯ ನೀರನ್ನು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ಮೀರಬಾರದು. ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ, ಎಳೆಗೂಸಿನ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ.

ಅನುಸರಿಸಬೇಕಾದ ಕ್ರಮಗಳು

1. ಕೊಳವೆಬಾವಿಯ ಮರುಪೂರಣಕ್ಕೆ ಶುಚಿಯಾದ ಚಾವಣಿಯ ನೀರನ್ನು ಸೋಸಿ ಬಳಸಿರಿ. ಮೊದಲ ಮಳೆಯ ನೀರನ್ನು ಹೊರಕ್ಕೆ ಬಿಡಿರಿ.

2. ರಸ್ತೆ, ಗ್ಯಾರೇಜು, ಕಾರ್ಖಾನೆ, ತಿಪ್ಪೆ, ಕೊಟ್ಟಿಗೆಗಳ ಕಡೆಯಿಂದ ಬರುವ ನೀರನ್ನು ಮರುಪೂರಣ ಗುಂಡಿಗೆ ಬಿಡಬೇಡಿರಿ. ಗುಂಡಿಯ ಸುತ್ತ ಬದು ಹಾಕಿ ತಡೆಯಿರಿ.

3. ಬತ್ತಿದ ಕೊಳವೆಬಾವಿಗೆ ಕೊಳಚೆ ನೀರನ್ನು ಎಂದಿಗೂ ಬಿಡಬಾರದು. ಅದರ ಬಾಯಿಯನ್ನು ಭದ್ರವಾಗಿ ಮುಚ್ಚಿರಿ.

4. ಮುಂಗಾರಿಗೆ ಮುಂಚೆ ಒಮ್ಮೆ, ಮಳೆಗಾಲದ ನಂತರ ಒಮ್ಮೆ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿರಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರು ಕೊಡುವ ಶುದ್ಧೀಕರಿಸಿದ ಸೀಸೆಯನ್ನೇ ಬಳಸಬೇಕು.

ಕೆಟ್ಟ ಕೆರೆಯ ಹೂಳನ್ನು ತೆಗೆಯಬಹುದು. ಬಂಡೆಯ ಬಿರುಕಿನೊಳಗೆ ಕೆಟ್ಟ ನೀರನ್ನು ತೊಳೆದು ತೆಗೆಯುವುದು ಬಹಳ ಕಷ್ಟ. ಆದ್ದರಿಂದ ಗುಂಡಿ ತೋಡುವ ಮುನ್ನ ಅಲ್ಲಿಗೆ ಬರುವ ನೀರು ಎಲ್ಲಿಂದ ಬರುತ್ತದೆಂದು ನಡೆದು ನೋಡಿರಿ.