ತಿಪ್ಪೆಯ ಜೊತೆ ಚೀಲ ಸೇರಿದಾಗ

ಆರಿದ್ರ ಮಳೆ ಒಂದೆರಡು ಹದ ಕೊಟ್ಟಿತೆಂದರೆ ತುಮಕೂರು ಸೀಮೆಯ ಊರುಗಳಲ್ಲಿ ತಿಪ್ಪೆ ಒಡೆಯುವ ಕೆಲಸ ಶುರು. ಮೇಲಿನ ಒಣ ಪದರ ಸರಿಸಿ ಸಲಿಕೆ ಇಳಿಸಿದರೆ ಒಳಗಿಂದ ತೆಳ್ಳಗೆ ಹಬೆ ಏಳುತ್ತದೆ. ಅಂಚಿನಲ್ಲಿ ಇನ್ನೂ ರಾಗಿಹುಲ್ಲಿನ ಎಳೆ, ಅವರೆ ಹೊಟ್ಟು, ಸಗಣಿಯ ಗಟ್ಟಿ. ನಡುವಿನದು ಮಾತ್ರ ಕಪ್ಪಗೆ, ಪುಡಿಪುಡಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬೆರಳು ಬಿಟ್ಟರೆ ಉದುರುತ್ತದೆ. ಸಗಣಿ ವಾಸನೆ ಹೋಗಿ ಮಣ್ಣಿನ ವಾಸನೆ ಬಂದಿರುತ್ತದೆ. ಬೆಳ್ಳಗಿನ ಗೊಣ್ಣೆಹುಳು ಹೊರಳಿ ಬಿದ್ದಲ್ಲೆಲ್ಲ ಕೋಳಿಗಳು ಮುತ್ತುತ್ತವೆ.

“ಅತ್ಲಾಗಿಂದು ಬ್ಯಾಡ ಕಣಣ್ಣ, ಇನ್ನೂ ಕಳ್ತಿಲ್ಲ. ಮಧ್ಯದ್ದು ತುಂಬು” ಎಂದು ಮಂಕರಿ ಹಿಡಿದ ಹೆಂಗಸು ಕೂಗುತ್ತಾಳೆ. ಆಕೆಯ ಮಾತು ಸರಿ. ಕಳಿಯದ ಗೊಬ್ಬರ ಹೊಲಕ್ಕೆ ಬಿದ್ದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೂ ಎಳೆದುಕೊಂಡು, ಎಳೆ ಪೈರು ಹಳದಿಗೆ ತಿರುಗುತ್ತದೆ.

ಹೊಲದಲ್ಲಿ ಸುರಿದ ಗುಪ್ಪೆಗಳನ್ನು ದಿನಗಟ್ಟಲೆ ಬಿಸಿಲಿಗೆ ಬಿಡುವವರನ್ನು ಕಂಡರೆ ನನಗೆ ಸಂಕಟ. ವರ್ಷವಿಡೀ ಕೂಡಿಟ್ಟ ಸಾರ ಗಾಳಿಗೆ ಹೋಗುತ್ತದೆ. ತಿಳಿದವರು ಅಂದೇ ಕೆದರಿ, ಅಂದೇ ಉತ್ತು ಮುಚ್ಚುತ್ತಾರೆ.

ಅದೇ ಹೊಲದ ಬದುವಿನ ಮೇಲೆ ಒಂದು ಯೂರಿಯಾ ಚೀಲವೂ ಕೂತಿರುತ್ತದೆ. ತೂಕ 45 ಕೆಜಿ, ಅದರಲ್ಲಿ ಸಾರಜನಕ ಸುಮಾರು 20 ಕೆಜಿ. ಎಕರೆಗೆ ಹಾಕುವ 4 ಟನ್ ಕೊಟ್ಟಿಗೆ ಗೊಬ್ಬರದಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ಒಂದನ್ನು ಒಬ್ಬ ಹೆಗಲ ಮೇಲೆ ಹೊತ್ತು ತರುತ್ತಾನೆ, ಇನ್ನೊಂದಕ್ಕೆ ಟ್ರಾಕ್ಟರು, ಆಳು, ದಿನಗಟ್ಟಲೆ ದುಡಿಮೆ ಬೇಕು. ಹಾಗಾದರೆ ಚೀಲವೇ ಸಾಲದೆ? ಸಾಲದು. ಯೂರಿಯಾ ಬೇಗ ಕರಗಿ ಪೈರಿಗೆ ಸಿಗುತ್ತದೆ. ಜೋರು ಮಳೆ ಬಂದರೆ ಅಷ್ಟೇ ಬೇಗ ಬೇರಿನಿಂದ ಕೆಳಗೆ ಇಳಿದುಹೋಗುತ್ತದೆ. ತಿಪ್ಪೆಗೊಬ್ಬರ ತನ್ನ ಸಾರಜನಕದ ಒಂದು ಪಾಲನ್ನಷ್ಟೇ ಮೊದಲ ಬೆಳೆಗೆ ಕೊಟ್ಟು ಉಳಿದದ್ದನ್ನು ಮುಂದಿನ ಬೆಳೆಗಳಿಗೆ ಇಡುತ್ತದೆ. ಜೊತೆಗೆ ಸತು, ಗಂಧಕದಂಥವನ್ನೂ ತರುತ್ತದೆ. ಸಾವಯವ ಇಂಗಾಲ ಶೇ 0.5 ಕೂಡ ಇಲ್ಲದ ನಮ್ಮ ಎಷ್ಟೋ ಕೆಂಪು ಮರಳುಮಣ್ಣಿನ ಹೊಲಗಳಿಗೆ ನೀರನ್ನೂ ಗೊಬ್ಬರವನ್ನೂ ಹಿಡಿದಿಡುವ ಶಕ್ತಿ ಬರುವುದು ಇದರಿಂದಲೇ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ಮಳೆಯಾಶ್ರಿತ ರಾಗಿಯ ಮೇಲೆ ಇದನ್ನೇ ಪರೀಕ್ಷಿಸುತ್ತ ಬಂದಿದ್ದಾರೆ. ಏನೂ ಹಾಕದ ತಾಕು, ಬರೀ ಕೊಟ್ಟಿಗೆ ಗೊಬ್ಬರದ್ದು, ಬರೀ ರಾಸಾಯನಿಕದ್ದು, ಎರಡೂ ಕೂಡಿದ್ದು. ಹೆಚ್ಚು ಇಳುವರಿ ಕೊಟ್ಟು, ವರ್ಷ ಕಳೆದರೂ ಅದನ್ನು ಉಳಿಸಿಕೊಂಡದ್ದು ಎರಡೂ ಕೂಡಿದ ತಾಕು. ಅಲ್ಲೇ 1986ರಲ್ಲಿ ಶುರುವಾದ ರಾಗಿ–ಮೆಕ್ಕೆಜೋಳದ ಪ್ರಯೋಗದಲ್ಲಿ ಸಾರಜನಕವೊಂದನ್ನೇ ಕಂಡ ಮಣ್ಣು ಹುಳಿಯಾಗಿ, ಬೆಳೆ ಸೊರಗಿತು. ಸಾವಯವವೋ ರಾಸಾಯನಿಕವೋ ಎಂದು ಜಗಳವಾಡುವವರು ಈ ತಾಕುಗಳನ್ನು ಒಮ್ಮೆ ನೋಡಬೇಕು.

ಪುಷ್ಯ ಮಳೆಗೆ ಕೂರಿಗೆ ಹೂಡುತ್ತಾರೆ. ರಂಜಕ, ಪೊಟ್ಯಾಷ್ ಪೂರ್ತಿ, ಯೂರಿಯಾ ಅರ್ಧ ಬಿತ್ತುವಾಗಲೇ ಸಾಲಿಗೆ ಬೀಳುತ್ತದೆ. ಮಿಕ್ಕ ಯೂರಿಯಾ ಚೀಲದಲ್ಲೇ ಕಾಯಬೇಕು. ತಿಂಗಳು ಕಳೆದು, ಎಡೆಕುಂಟೆ ಹೊಡೆದು, ಮಖೆ ಮಳೆ ಹದವಾಗಿ ಬಿದ್ದ ಮಾರನೆಯ ದಿನ ಮಡಿಲಲ್ಲಿ ಬಿಳಿ ಹರಳು ಕಟ್ಟಿಕೊಂಡು ಮೇಲುಗೊಬ್ಬರ ಕೊಡುತ್ತ ಸಾಲಿನಲ್ಲಿ ನಡೆಯುತ್ತಾರೆ. ತಿಪ್ಪೆಗೊಬ್ಬರ ಉಂಡ ಕಡೆ ಕೈಯಿಟ್ಟರೆ ಮಣ್ಣು ಬೆರಳಿಗೆ ತಂಪು. ರಾಗಿ ಬುಡದಲ್ಲಿ ತೆಂಡೆ ದಟ್ಟ. ಗೊಬ್ಬರ ಸಾಲದೆ ಬಿಟ್ಟ ಮೂಲೆಯಲ್ಲಿ ಮೇಲ್ಮಣ್ಣು ಹೆಕ್ಕಳಿಕೆಗಟ್ಟಿರುತ್ತದೆ.

ಸಾಲದೆ ಬಿಡುವ ಮೂಲೆಗಳು ಈಗ ಹೆಚ್ಚುತ್ತಿವೆ, ಏಕೆಂದರೆ ಎತ್ತು ಮಾರಿದ ಮನೆಗಳು ಹೆಚ್ಚು. ಅಂಥವರು ಬೇಸಗೆಯಲ್ಲಿ ಕುರಿಗಾರರನ್ನು ಕರೆದು ರಾತ್ರಿ ಹೊಲದಲ್ಲಿ ಮಂದೆ ಹಾಕಿಸುತ್ತಾರೆ; ಹಿಕ್ಕೆ, ಗಂಜಲ ಎರಡೂ ಬಿದ್ದಲ್ಲೇ ಗೊಬ್ಬರ. ಇನ್ನು ಕೆಲವರು ಬದುವಿಗೆ ಗೊಬ್ಬರದ ಗಿಡ ನೆಟ್ಟು, ಸೊಪ್ಪು ಸವರಿ ಮಣ್ಣಿಗೆ ತುಳಿಯುತ್ತಾರೆ. ಹೊಂಗೆ ಸೊಪ್ಪಾದರೂ ಆದೀತು.